ಜೋರ್ಡಾನ್ ಕೆರೆಯಲ್ಲಿ ಕ್ರಾಪಿ ಹಿಡಿಯೋದು: ಸುಹಾಸನಿಗೆ ಉತ್ತರ

ಸುಹಾಸಾ, ಮಾವ ಕಣೋ. ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. ಶನಿವಾರ ಬೆಳಿಗ್ಗೆಯೆಲ್ಲಾ ಪುಟ್ಟನನ್ನು ಕರೆದುಕೊಂಡು ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ಜೋರ್ಡಾನ್ ಕೆರೆಯ ದಡದಲ್ಲಿ ಕೂತಿದ್ದಿರಿ, ಕ್ರಾಪಿ ಅನ್ನುವ ಈ ಕೆರೆಮೀನು ಒಂದೂ ಕಚ್ಚಲಿಲ್ಲ. ಮಾರ್ಚಲ್ಲಿ ದಡಕ್ಕೇ ಬರುತ್ತವೆ ಅಂತ ಆಫೀಸಲ್ಲಿ ಎಲ್ಲರೂ ಹೇಳುತ್ತಾರೆ, ಹಾಗಾದರೆ ಎಲ್ಲಿ ಹೋದವು ಅಂತ ಕೇಳಿದ್ದೀಯ. ಟೈಪ್ ಮಾಡಿದರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಕಾರಲ್ಲಿ ಹೋಗುವಾಗ ಕೇಳಿಕೋ.

ಮೊದಲು ತಿಂಗಳ ಲೆಕ್ಕ ಬಿಡು. ನೀರು ಎಷ್ಟು ಬೆಚ್ಚಗಿದೆ ಅನ್ನುವುದನ್ನು ನೋಡು. ನೀರು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುವಾಗ ಕ್ರಾಪಿ ಇನ್ನೂ ಆಳದಲ್ಲೇ ಇರುತ್ತದೆ. ತೊರೆ ಬಂದು ಕೆರೆಗೆ ಸೇರುವ ಜಾಗ ಇರುತ್ತಲ್ಲ, ಅಲ್ಲಿ ಹತ್ತು ಹನ್ನೆರಡು ಅಡಿ ನೀರಲ್ಲಿ, ಮುಳುಗಿದ ಮರದ ಕೊಂಬೆಗಳ ಸುತ್ತ ಗುಂಪಾಗಿ ನಿಂತಿರುತ್ತದೆ. 55 ದಾಟಿದರೆ ಮೆಲ್ಲಗೆ ದಡದ ಕಡೆ ಹೊರಡುತ್ತದೆ. 60ರಿಂದ 68ರ ಒಳಗೆ ಮೊಟ್ಟೆ ಇಡುತ್ತದೆ. ನಮ್ಮೂರಿನ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 16ರಿಂದ 20. ಆಗ ಮಾತ್ರ ಎರಡು ಮೂರು ಅಡಿ ನೀರಲ್ಲಿ, ದಡದಲ್ಲಿ ನಿಂತವರಿಗೂ ಸಿಗುತ್ತದೆ. ನೀನು ಹೋದಾಗ ಏನಾಗಿತ್ತು ನೆನಪು ಮಾಡಿಕೋ. ಗುರುವಾರ ಮಳೆ ಬಂತು, ಶುಕ್ರವಾರ ಉತ್ತರದ ಚಳಿಗಾಳಿ, ಶನಿವಾರ ಒಂದೂ ಮೋಡವಿಲ್ಲದ ಆಕಾಶ. ನಮಗೆ ಅದು ಒಳ್ಳೆಯ ದಿನ, ಮೀನಿಗೆ ಕೆಟ್ಟ ದಿನ. ಅಂಥ ಚಳಿ ಬಂದುಹೋದ ಮೇಲೆ ದಡಕ್ಕೆ ಬಂದಿದ್ದ ಕ್ರಾಪಿಯೂ ಮತ್ತೆ ಆಳಕ್ಕೆ ಜಾರಿ ಕೊಂಬೆಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಹಸಿವಿದ್ದರೂ ಓಡಿಬಂದು ಕಚ್ಚಲ್ಲ. ಎರಡು ಮೂರು ದಿನ ಸತತವಾಗಿ ಬಿಸಿಲು ಬಿದ್ದು, ರಾತ್ರಿಯ ಚಳಿಯೂ ಇಳಿದ ಮೇಲೆ ಹೋಗಬೇಕು. ಮೋಡ ಇದ್ದರೆ ಇನ್ನೂ ಒಳ್ಳೆಯದು.

ಥರ್ಮಾಮೀಟರ್ ಇಲ್ಲ ಅಂತ ಚಿಂತೆ ಬೇಡ. ಇಲ್ಲಿನ ಹಳಬರು ಡಾಗ್‌ವುಡ್ ಮರ ನೋಡುತ್ತಾರೆ. ನಿಮ್ಮ ಮನೆ ಹತ್ತಿರವೂ ಇರಬೇಕು, ಬಿಳಿ ಹೂವಿನದು, ನಾರ್ತ್ ಕ್ಯಾರೊಲೈನಾದ ರಾಜ್ಯಪುಷ್ಪ ಅದೇ. ಅದು ಪೂರ್ತಿ ಅರಳಿತು ಅಂದರೆ ಕ್ರಾಪಿ ದಡಕ್ಕೆ ಬಂತು ಅಂತ ಅವರ ಲೆಕ್ಕ. ನಾನು ಇದನ್ನು ನಂಬುತ್ತೇನೆ. ಮರವನ್ನೂ ಮೀನನ್ನೂ ಎಬ್ಬಿಸುವುದು ಅದೇ ಬಿಸಿಲು ಅಲ್ವಾ.

ಅಕ್ಕಾ, ನೀನೂ ಕೇಳುತ್ತಿರುತ್ತೀಯ. ತೀರ್ಥಹಳ್ಳಿಯಲ್ಲಿ ಮುಂಗಾರು ಹಿಡಿದ ಕೂಡಲೇ ಹಳ್ಳದಿಂದ ಗದ್ದೆಗೆ ಹತ್ತುಮೀನು ಬರುತ್ತದಲ್ಲ, ಇದೂ ಅಂಥದ್ದೇ. ಮೊಟ್ಟೆ ಇಡಲು ಆಳ ಬಿಟ್ಟು ತೆಳುನೀರಿಗೆ ಬರುವುದು. ಅಲ್ಲಿ ಹೊಸನೀರು ಎಬ್ಬಿಸುತ್ತದೆ, ಇಲ್ಲಿ ಬಿಸಿಲು.

ಈಗ ಜಾಗ. ನೀನು ಕೂತಿದ್ದು ಬೀಚ್ ಪಕ್ಕದ ಮರಳಿನ ದಡ. ಬರೀ ಮರಳು, ಮರೆಯೇ ಇಲ್ಲ. ಕ್ರಾಪಿಗೆ ಮರೆ ಬೇಕೇ ಬೇಕು. ಈ ಕೆರೆಯ ದಡವೆಲ್ಲಾ ಸರ್ಕಾರದ್ದು, ಬೇರೆ ಕೆರೆಗಳ ಹಾಗೆ ಮನೆಮನೆಗೊಂದು ದೋಣಿಕಟ್ಟೆ ಇಲ್ಲ. ಹಾಗಾಗಿ ಬಿದ್ದ ಮರ, ನೀರಲ್ಲಿ ನಿಂತ ಪೊದೆ, ಸೇತುವೆ ಬುಡದ ಕಲ್ಲುರಾಶಿ, ಇವನ್ನೇ ಹುಡುಕಬೇಕು. ಉತ್ತರದ ಕಡೆ, ಅಂದರೆ ಹೈವೇ 64 ದಾಟಿ ಫ್ಯಾರಿಂಗ್‌ಟನ್ ಕಡೆ ಹೋಗು. ನ್ಯೂ ಹೋಪ್ ತೊರೆಯ ಆ ಭಾಗ ತೆಳುವಾಗಿದೆ, ನೀರು ಸ್ವಲ್ಪ ಕದಡಿರುತ್ತದೆ, ಬೇಗ ಕಾಯುತ್ತದೆ. ಕದಡಿದ ನೀರಲ್ಲಿ ಕ್ರಾಪಿ ಇನ್ನೂ ಮೇಲಕ್ಕೆ, ದಡದ ಹತ್ತಿರಕ್ಕೆ ಬರುತ್ತದೆ. ತಿಳಿನೀರಾದರೆ ಆರೆಂಟು ಅಡಿಯಲ್ಲೇ ಮೊಟ್ಟೆ ಇಟ್ಟುಬಿಡುತ್ತದೆ, ದಡದವರಿಗೆ ಕಷ್ಟ. ಒಂದೇ ಕೊಲ್ಲಿಯಲ್ಲಿ ಎರಡು ದಡ ಇದ್ದರೆ ದಕ್ಷಿಣಕ್ಕೆ ಮುಖ ಮಾಡಿದ ದಡ ಹಿಡಿ. ದಿನವಿಡೀ ಬಿಸಿಲು ಬೀಳುವುದು ಅದಕ್ಕೆ, ಆಚೆ ದಡಕ್ಕಿಂತ ಎರಡು ಮೂರು ಡಿಗ್ರಿ ಜಾಸ್ತಿಯೇ ಇರಬಹುದು. ರಾಜ್ಯದ ಮೀನು, ಬೇಟೆ ನೋಡಿಕೊಳ್ಳುವ ವೈಲ್ಡ್‌ಲೈಫ್ ಕಮಿಷನ್‌ನವರು ಮೀನು ಸೇರಲಿ ಅಂತ ಕೆರೆಯಲ್ಲಿ ಅಲ್ಲಲ್ಲಿ ಮರೆ ಮಾಡಿ ಮುಳುಗಿಸಿದ್ದಾರೆ, ಅದರ ನಕ್ಷೆ ಅವರ ವೆಬ್‌ಸೈಟಲ್ಲಿದೆ.

ಇನ್ನೊಂದು, ಹೊರಡುವ ಮುಂಚೆ ಕೆರೆಯ ಮಟ್ಟ ನೋಡು. ಮಾಮೂಲಿ ಮಟ್ಟ ಸಮುದ್ರಮಟ್ಟದಿಂದ 216 ಅಡಿ. ಜೋರು ಮಳೆಯಾದರೆ ಕೆಳಗಿನ ಊರುಗಳಿಗೆ ಪ್ರವಾಹ ಆಗದಿರಲಿ ಅಂತ ಅಣೆಕಟ್ಟು ನೋಡಿಕೊಳ್ಳುವ ಆರ್ಮಿ ಕೋರ್‌ನವರು ನೀರು ಹಿಡಿದಿಡುತ್ತಾರೆ, ಕೆರೆ ಏರಿ ಕಾಡಿಗೆ ನುಗ್ಗುತ್ತದೆ. ಆಗ ಮೀನೂ ಪೊದೆಗಳ ಒಳಗೆ ಹೋಗುತ್ತದೆ. ಮಟ್ಟ ಬೇಗ ಇಳಿಯುತ್ತಿದ್ದರೆ ದಡ ಬಿಟ್ಟು ಹೊರಟುಬಿಡುತ್ತದೆ.

ಇನ್ನು ಸಾಮಾನು. ನೀನು ತಂದಿದ್ದ ಗಾಳ ಬೆಕ್ಕುಮೀನಿಗೆ ಸರಿ, ಇದಕ್ಕೆ ತುಂಬಾ ದಪ್ಪ. ನಾಲ್ಕು ಅಥವಾ ಆರು ಪೌಂಡ್ ಭಾರ ತಡೆಯುವ ಸಣ್ಣ ದಾರ ಹಾಕು. ಸಣ್ಣ ತಂತಿಯ, ಉದ್ದ ಕಾಲಿನ 4ನೇ ನಂಬರ್ ಗಾಳ ತೆಗೆದುಕೋ. ಸಣ್ಣ ತಂತಿಯದೇ ಯಾಕೆಂದರೆ ಕೊಂಬೆಗೆ ಸಿಕ್ಕಿಕೊಂಡಾಗ ನಿಧಾನವಾಗಿ ಎಳೆದರೆ ಗಾಳ ನೆಟ್ಟಗಾಗಿ ಬಿಟ್ಟುಬರುತ್ತದೆ. ಬೆರಳಲ್ಲಿ ಮತ್ತೆ ಬಗ್ಗಿಸಿಕೊಂಡರೆ ಆಯಿತು. ಕೊಂಬೆಯ ಹತ್ತಿರ ಹಾಕಲು ಹೆದರುವವನಿಗೆ ಕ್ರಾಪಿ ಸಿಗಲ್ಲ. ನೀರ ಮೇಲೆ ತೇಲುವ ಬೆಂಡು ಜಾರುವಂಥದ್ದು ಇರಲಿ, ದಾರದ ಮೇಲೆ ಒಂದು ಗಂಟಿರುತ್ತದೆ, ಅದನ್ನು ಸರಿಸಿ ಆಳ ಬದಲಿಸಬಹುದು. ಮರಿಮೀನು ಬೇಟ್ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಕೆಳತುಟಿಯಿಂದ ಚುಚ್ಚಿ ಮೇಲ್ತುಟಿಯಲ್ಲಿ ಗಾಳದ ಮೊನೆ ತೆಗೆ, ಅದು ಬದುಕಿದ್ದು ಆಡುತ್ತಿರಬೇಕು. ಉಳಿದ ಮರಿಮೀನು ಕೆರೆಗೆ ಸುರಿಯಬೇಡ. ಬೇರೆ ನೀರಿನ ಮೀನು, ರೋಗ ಎರಡೂ ಹಾಗೇ ಹರಡುವುದು. ಮರಿಮೀನು ಬೇಡ ಅಂದರೆ ಜಿಗ್ ಇದೆ, 1/16 ಅಥವಾ 1/32 ಔನ್ಸಿನ ಸೀಸದ ತಲೆ, ಹಿಂದೆ ಪ್ಲಾಸ್ಟಿಕ್ ಬಾಲ. ಪುಟ್ಟನಿಗೆ ಬೆಂಡು, ಮರಿಮೀನೇ ಸರಿ. ನೋಡುತ್ತಾ ಕೂರಲು ಏನಾದರೂ ಬೇಕಲ್ಲ.

ಈಗ ಮುಖ್ಯವಾದ ಮಾತು, ಆಳ. ಕ್ರಾಪಿಯ ಕಣ್ಣು ಮೇಲಕ್ಕೆ ಇರುತ್ತದೆ. ತನ್ನ ತಲೆಯ ಮೇಲೆ ಹೋಗುವುದನ್ನು ನೋಡಿ ಏರಿ ಬಂದು ತಿನ್ನುತ್ತದೆ, ಕೆಳಗೆ ಬಗ್ಗಿ ತಿನ್ನುವುದು ಕಡಿಮೆ. ಅಂದರೆ ನಿನ್ನ ಮರಿಮೀನು ಅದಕ್ಕಿಂತ ಒಂದಡಿ ಕೆಳಗಿದ್ದರೆ ಸುಮ್ನೆ ದಿನ ಕಳೆದ ಹಾಗೆ. ಒಂದಡಿ ಮೇಲಿದ್ದರೆ ಬಂದು ಹಿಡಿಯುತ್ತದೆ. ಹಾಗಾಗಿ ಮೊದಲು ಒಂದೂವರೆ ಅಡಿಗೆ ಇಟ್ಟು ಶುರು ಮಾಡು. ಹತ್ತು ನಿಮಿಷ ಏನೂ ಇಲ್ಲದಿದ್ದರೆ ಗಂಟನ್ನು ಅರ್ಧ ಅಡಿ ಸರಿಸು. ಮತ್ತೂ ಇಲ್ಲದಿದ್ದರೆ ಇನ್ನರ್ಧ ಅಡಿ. ಮೂರು ನಾಲ್ಕು ಆಳ ನೋಡಿದ ಮೇಲೂ ಕಚ್ಚದಿದ್ದರೆ ಆ ಮರ ಬಿಟ್ಟು ಮುಂದಿನ ಮರಕ್ಕೆ ಹೋಗು. ಒಂದು ಸಿಕ್ಕಿತು ಅಂದರೆ ಗಂಟು ಮುಟ್ಟಬೇಡ, ಅದೇ ಜಾಗ, ಅದೇ ಆಳ. ಅಲ್ಲಿ ಇನ್ನೂ ಇರುತ್ತವೆ.

ಕಚ್ಚಿದ್ದು ಗೊತ್ತಾಗುವುದು ಹೇಗೆ ಅಂತ ಪುಟ್ಟನಿಗೂ ಹೇಳಿಕೊಡು. ಬೆಂಡು ಗುಳುಂ ಅಂತ ಮುಳುಗಿದರೆ ಯಾರಿಗಾದರೂ ಗೊತ್ತಾಗುತ್ತದೆ. ಕ್ರಾಪಿ ಎಷ್ಟೋ ಸಲ ಹಾಗೆ ಮಾಡಲ್ಲ. ಕೆಳಗಿನಿಂದ ಏರಿ ಬಂದು ಮರಿಮೀನನ್ನು ಬಾಯಲ್ಲಿ ಹಿಡಿದು ಇನ್ನೂ ಮೇಲಕ್ಕೆ ಹೋಗುತ್ತದೆ. ಆಗ ದಾರಕ್ಕೆ ಭಾರವೇ ಇರುವುದಿಲ್ಲ, ನೆಟ್ಟಗೆ ನಿಂತಿದ್ದ ಬೆಂಡು ಮೆಲ್ಲಗೆ ವಾಲಿ ನೀರ ಮೇಲೆ ಅಡ್ಡ ಮಲಗುತ್ತದೆ. ಅದೇ ಕಚ್ಚಿದ್ದು. ಗಾಳಿಗೆ ಆಗಿರಬೇಕು ಅಂತ ಬಿಟ್ಟರೆ ಹೋಯಿತು. ಬೆಂಡು ಮಲಗಿದ ಕೂಡಲೇ ಸಡಿಲ ದಾರ ಸುತ್ತಿ, ಕೋಲನ್ನು ಮಣಿಕಟ್ಟಿನಲ್ಲಿ ಸ್ವಲ್ಪ ಎತ್ತಿದರೆ ಸಾಕು. ಜೋರಾಗಿ ಎಳೆಯಬೇಡ. ಅದರ ತುಟಿಯ ಪಕ್ಕದ ಚರ್ಮ ಹಾಳೆಯಷ್ಟು ತೆಳು, ಬಾಯಿ ತೆರೆದರೆ ಅದರ ಮೂಲಕ ಬೆಳಕು ಕಾಣುತ್ತದೆ. ಜೋರಾಗಿ ಎಳೆದರೆ ಹರಿದುಹೋಗುತ್ತದೆ. ದಡಕ್ಕೆ ಬಂದಾಗ ದಾರ ಹಿಡಿದು ಎತ್ತದೆ, ಕೆಳಗಿನಿಂದ ಕೈಬಲೆ ಹಿಡಿ.

ಸಿಕ್ಕಿದ್ದು ಯಾವ ಜಾತಿ ಅಂತ ಪುಟ್ಟ ಕೇಳಿದರೆ ಬೆನ್ನಿನ ಮುಳ್ಳು ಎಣಿಸಲಿ. ಏಳೆಂಟು ಇದ್ದರೆ ಕಪ್ಪು ಕ್ರಾಪಿ, ಆರು ಅಥವಾ ಕಡಿಮೆ ಇದ್ದರೆ ಬಿಳಿ ಕ್ರಾಪಿ. ಬಣ್ಣ ನಂಬುವ ಹಾಗಿಲ್ಲ. ಮೊಟ್ಟೆ ಇಡುವ ಕಾಲಕ್ಕೆ ಗಂಡು ಮುಖ, ಎದೆಯೆಲ್ಲಾ ಕಪ್ಪಾಗುತ್ತದೆ. ಗೂಡು ಮಾಡುವುದೂ ಗಂಡೇ, ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ರೆಕ್ಕೆ ಬೀಸುತ್ತಾ ಕಾಯುವುದೂ ಗಂಡೇ. ತೆಳುನೀರಲ್ಲಿ ಮೊದಲು ಸಿಗುವುದು ಸಾಮಾನ್ಯವಾಗಿ ಅವೇ. ಹೊಟ್ಟೆ ತುಂಬಿದ ಹೆಣ್ಣು ಸ್ವಲ್ಪ ಹಿಂದೆ, ಇನ್ನೆರಡು ಅಡಿ ಆಳದಲ್ಲಿ ಇರುತ್ತದೆ.

ಲೈಸೆನ್ಸ್ ವಿಷಯ ರಮ್ಯಾ ಕೇಳಿದ್ದಳು. 16 ತುಂಬಿದವರಿಗೆಲ್ಲಾ ಬೇಕು, ಪುಟ್ಟನಿಗೆ ಬೇಡ. ವೈಲ್ಡ್‌ಲೈಫ್ ಕಮಿಷನ್‌ನ ಆನ್‌ಲೈನ್ ಪುಟದಲ್ಲೇ ತೆಗೆದುಕೊಳ್ಳಬಹುದು. ಈ ಕೆರೆಯಲ್ಲಿ 10 ಇಂಚಿಗಿಂತ ಚಿಕ್ಕ ಕ್ರಾಪಿಯನ್ನು ವಾಪಸ್ ಬಿಡಬೇಕು, ಒಬ್ಬರಿಗೆ ದಿನಕ್ಕೆ 20 ಅಷ್ಟೇ. ನನ್ನ ಅಭಿಪ್ರಾಯ ಕೇಳಿದರೆ 20 ಹಿಡಿಯುವುದು ಬೇಡ. ನಿಮ್ಮ ಮನೆಗೆ ಆರು ಸಾಕು. ಮೊಟ್ಟೆ ತುಂಬಿದ ದೊಡ್ಡ ಹೆಣ್ಣು ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು ಹಿಡಿದು ಬಿಟ್ಟುಬಿಡಿ. ಊರಲ್ಲಿ ಹತ್ತುಮೀನನ್ನು ಮೂಟೆಗಟ್ಟಲೆ ಹಿಡಿಯುವುದು ನೋಡಿ ಬೆಳೆದವನು ನಾನು, ಈಗ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಅಕ್ಕಾ, ರುಚಿ ಹೇಗೆ ಅಂತ ಕೇಳಿದ್ದೆಯಲ್ಲ, ಬಿಳಿ ಮಾಂಸ, ಮೆತ್ತಗೆ, ವಾಸನೆ ಇಲ್ಲವೇ ಇಲ್ಲ. ಎರಡೂ ಬದಿ ಮಾಂಸ ತೆಗೆದು ಪಕ್ಕೆಲುಬಿನ ಮುಳ್ಳು ಬಿಡಿಸಿದರೆ ಮಕ್ಕಳಿಗೂ ಕೊಡಬಹುದು. ಸಾರಿಗೆ ಹಾಕಿದರೆ ಪುಡಿಯಾಗುತ್ತದೆ. ಖಾರ, ಅರಿಶಿನ, ನಿಂಬೆಹುಳಿ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿಯುವುದೇ ಸರಿ.

ಸುಹಾಸಾ, ಈ ವಾರ ಬುಧವಾರದಿಂದ ಬಿಸಿಲು ಅಂತ ತೋರಿಸುತ್ತಿದೆ. ಶನಿವಾರ ನಾನೂ ಬರುತ್ತೇನೆ. ಬೆಳಗಿನ ಜಾವ ಬೇಡ, ನೀರು ಕಾಯಲಿ, ಮಧ್ಯಾಹ್ನ ಎರಡು ಗಂಟೆಗೆ ಫ್ಯಾರಿಂಗ್‌ಟನ್ ದೋಣಿ ಇಳಿಸುವ ಜಾಗದಲ್ಲಿ ಸಿಗೋಣ. ಮರಿಮೀನು ನಾನು ತರುತ್ತೇನೆ, ಕೈಬಲೆ ನೀನು ತಾ. ದಡದಲ್ಲೇ ನಿಂತರೂ ಪುಟ್ಟನಿಗೆ ಲೈಫ್ ಜಾಕೆಟ್ ಹಾಕಿಸು, ಆ ಕಲ್ಲುಗಳು ಜಾರುತ್ತವೆ. ಶುಕ್ರವಾರ ರಾತ್ರಿ ಕೆರೆಯ ಮಟ್ಟ ನೋಡಿ ಮೆಸೇಜ್ ಹಾಕುತ್ತೇನೆ.