ಐಸ್ ಹಾಕಿಯಲ್ಲಿ ಗೋಲು ಹೊಡೆಯುವುದರಲ್ಲಿ ಯಾರು ಎಲ್ಲರಿಗಿಂತ ದೊಡ್ಡವರು: ಒವೆಚ್ಕಿನ್, ಗ್ರೆಟ್ಸ್ಕಿ, ಬಾಸಿ?

ನೀಲಿಗೆರೆ: 2025ರ ಏಪ್ರಿಲ್ 6ರಂದು ಅಲೆಕ್ಸ್ ಒವೆಚ್ಕಿನ್ 895ನೇ ಗೋಲು ಹೊಡೆದರು. ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ ವೇಯ್ನ್ ಗ್ರೆಟ್ಸ್ಕಿಯ 894 ಗೋಲಿನ ದಾಖಲೆ ಅಲ್ಲಿಗೆ ಮುರಿಯಿತು. ವಿಚಿತ್ರ ಅಂದ್ರೆ ಅದು ಒವೆಚ್ಕಿನ್‌ರ 1,487ನೇ ಪಂದ್ಯ. ಗ್ರೆಟ್ಸ್ಕಿ ಒಟ್ಟು ಆಡಿದ್ದೂ ಸರಿಯಾಗಿ ಅಷ್ಟೇ ಪಂದ್ಯ! ಪಂದ್ಯ ಸಮ, ಗೋಲು ಒಂದು ಜಾಸ್ತಿ, ಅದೂ ಗೋಲು ಸಿಗುವುದೇ ಕಷ್ಟವಾದ ಕಾಲದಲ್ಲಿ. ಐಸ್ ಹಾಕಿಯಲ್ಲಿ ಇವರಿಗಿಂತ ದೊಡ್ಡ ಗೋಲುಗಾರ ಇನ್ನೊಬ್ಬರಿಲ್ಲ ಅಂತ ನಾನು ನಂಬಿದ್ದೇನೆ. ನೀವೇನಂತೀರಿ?

ತೊಂಬತ್ತೊಂಬತ್ತು: ಒಟ್ಟು ಸಂಖ್ಯೆ ಸಮ ಅಂತ ಹೇಳಿದಿರಿ, ಸರಿ. ಆದರೆ ಅದರೊಳಗೆ ಏನಿದೆ ನೋಡಿ. ಎಡ್ಮಂಟನ್ ತಂಡದಲ್ಲಿ ಗ್ರೆಟ್ಸ್ಕಿ 696 ಪಂದ್ಯಗಳಲ್ಲಿ 583 ಗೋಲು ಹೊಡೆದರು. 1981-82ರಲ್ಲಿ ಮೊದಲ 50 ಗೋಲಿಗೆ ಅವರಿಗೆ ಬೇಕಾದದ್ದು 39 ಪಂದ್ಯ. ಆ ಸೀಸನ್ ಮುಗಿದಾಗ 92 ಗೋಲು. ಒವೆಚ್ಕಿನ್‌ರ ಅತಿ ಒಳ್ಳೆಯ ಸೀಸನ್ 2007-08, ಅದರಲ್ಲಿ 65. ಇಬ್ಬರ ನಡುವೆ 27 ಗೋಲಿನ ಅಂತರ ಇದೆಯಲ್ಲ. ಅದೂ ಗೋಲು ಗ್ರೆಟ್ಸ್ಕಿಯ ಮುಖ್ಯ ಕೆಲಸವೇ ಅಲ್ಲ. ಬೇರೆಯವರ ಗೋಲಿಗೆ ಅವರು ಕೊಟ್ಟ ಅಸಿಸ್ಟ್‌ಗಳೇ 1,963.

ಹೊಸಬಳು: ನಾನು ಈ ಆಟ ನೋಡಲು ಶುರು ಮಾಡಿದ್ದು ಈಚೆಗೆ. ಆ ಕಾಲದಲ್ಲಿ 92 ಗೋಲು ಹೇಗೆ ಸಾಧ್ಯ ಆಯ್ತು? ಈಗ ಯಾಕೆ ಆಗಲ್ಲ?

ನೀಲಿಗೆರೆ: ಒಳ್ಳೆಯ ಪ್ರಶ್ನೆ ಮೇಡಂ, ಇಡೀ ವಾದ ಇದರ ಮೇಲೇ ನಿಂತಿದೆ. 1981-82ರಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ 8 ಗೋಲು ಬರುತ್ತಿತ್ತು. ಒವೆಚ್ಕಿನ್ ಆಡಿದ ಹೆಚ್ಚಿನ ವರ್ಷಗಳಲ್ಲಿ ಅದು ಐದೂವರೆ, ಆರರ ಆಸುಪಾಸು. ಮುಖ್ಯ ಕಾರಣ ಗೋಲ್‌ಕೀಪರ್‌ಗಳು. ಆಗ ಅವರು ನಿಂತೇ ತಡೆಯುತ್ತಿದ್ದದ್ದು ಜಾಸ್ತಿ, ಪ್ಯಾಡ್‌ಗಳೂ ಸಣ್ಣವು. ಆಮೇಲೆ ಪ್ಯಾಟ್ರಿಕ್ ರುವಾ ಅಂಥವರಿಂದ ಬಟರ್‌ಫ್ಲೈ ಶೈಲಿ ಎಲ್ಲೆಡೆ ಹರಡಿತು. ಮೊಣಕಾಲೂರಿ ಕೂತು, ಎರಡೂ ಕಾಲನ್ನು ಆಚೀಚೆ ಚಾಚಿ, ನೆಟ್‌ನ ಕೆಳಭಾಗ ಪೂರ್ತಿ ಮುಚ್ಚಿಬಿಡುತ್ತಾರೆ. ಗೋಲ್‌ಕೀಪರ್‌ಗಳಿಗೆ ಅಂತಲೇ ಬೇರೆ ಕೋಚ್ ಬಂದರು. ಎಂಬತ್ತರ ದಶಕದ ಶುರುವಿನಲ್ಲಿ 100 ಶಾಟ್‌ಗೆ 87-88 ತಡೆಯುತ್ತಿದ್ದರು, 2015ರ ಹೊತ್ತಿಗೆ 91 ದಾಟಿತ್ತು. ಮೂರು-ನಾಲ್ಕು ಅಂತ ಕಡಿಮೆ ಅನ್ನಿಸಬಹುದು. ಒಳಗೆ ಹೋಗುವ ಪಕ್‌ಗಳನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಲೆಕ್ಕ ಹಾಕಿ: ಹನ್ನೆರಡು ಹೋಗುತ್ತಿದ್ದ ಕಡೆ ಆಗ ಒಂಬತ್ತೂ ಹೋಗುತ್ತಿರಲಿಲ್ಲ.

ತೊಂಬತ್ತೊಂಬತ್ತು: ಗೋಲು ಅಷ್ಟು ಸುಲಭ ಇದ್ದಿದ್ದರೆ ಆಗ ಎಲ್ಲರೂ 92 ಹೊಡೆಯಬೇಕಿತ್ತಲ್ವಾ? ಅವತ್ತಿನಿಂದ ಇವತ್ತಿನವರೆಗೆ ಯಾರೂ ಹೊಡೆದಿಲ್ಲ. ಹತ್ತಿರ ಬಂದದ್ದು ಸ್ವತಃ ಗ್ರೆಟ್ಸ್ಕಿ, 87. ಆಮೇಲೆ ಬ್ರೆಟ್ ಹಲ್, 86. ಕಾಲದ ಲೆಕ್ಕ ಹಿಡಿದು ಸಾಧನೆಯನ್ನೇ ಕರಗಿಸಬೇಡಿ.

ದ್ವೀಪವಾಸಿ: ನೀವಿಬ್ಬರೂ ಒಟ್ಟು ಸಂಖ್ಯೆ, ಒಂದು ಸೀಸನ್ ಅಂತ ಎಳೆದಾಡುತ್ತಿದ್ದೀರಿ. ಪಂದ್ಯಕ್ಕೆ ಎಷ್ಟು ಅಂತ ನೋಡಿ. ದಾಖಲೆ ಮುರಿದ ದಿನ ಒವೆಚ್ಕಿನ್, ಗ್ರೆಟ್ಸ್ಕಿ ಇಬ್ಬರದೂ 0.60. ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಮೈಕ್ ಬಾಸಿ 752 ಪಂದ್ಯಗಳಲ್ಲಿ 573, ಅಂದರೆ 0.76! 200 ಗೋಲು ದಾಟಿದವರಲ್ಲಿ ಇದಕ್ಕಿಂತ ಮೇಲಿನ ಸರಾಸರಿ ಯಾರದೂ ಇಲ್ಲ. ಮೊದಲ ಒಂಬತ್ತು ಸೀಸನ್‌ಗಳಲ್ಲೂ 50ಕ್ಕೆ ಕಡಿಮೆ ಇಲ್ಲ. ಒಂದೂ ತಪ್ಪಿಲ್ಲ. ಬೆನ್ನು ಕೈಕೊಟ್ಟ ಹತ್ತನೇ ಸೀಸನ್‌ನಲ್ಲೂ 63 ಪಂದ್ಯಕ್ಕೆ 38 ಗೋಲು, ಆಮೇಲೆ ಆಟವೇ ಮುಗಿಯಿತು. ಆಗ ಅವರಿಗೆ ಬರೀ 30 ವರ್ಷ. ನನಗೆ ಇದು ಇವತ್ತಿಗೂ ಸಂಕಟ. ಆರೋಗ್ಯ ಇದ್ದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ನೀಲಿಗೆರೆ: ಬಾಸಿ ಮೇಲೆ ನನಗೂ ತುಂಬಾ ಗೌರವ ಇದೆ. ಆದರೆ ಅವರಿಗೆ ವಯಸ್ಸಾಗಿ ಇಳಿಯುವ ವರ್ಷಗಳೇ ಬರಲಿಲ್ಲ, ಹಾಗಾಗಿ ಸರಾಸರಿ ಮೇಲೇ ಉಳಿಯಿತು. ಗ್ರೆಟ್ಸ್ಕಿಯ ಕೊನೆಯ ಸೀಸನ್ ನೋಡಿ, 70 ಪಂದ್ಯಕ್ಕೆ 9 ಗೋಲು. ಅಂಥ ವರ್ಷಗಳು ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ಇನ್ನು ಸರಾಸರಿಯೇ ಅಳತೆ ಅಂದರೆ ಮಾರಿಯೋ ಲೆಮ್ಯೂರನ್ನು ಹೇಗೆ ಬಿಡುತ್ತೀರಿ? 915 ಪಂದ್ಯ, 690 ಗೋಲು, ಬಾಸಿಯ ಬೆನ್ನಿಗೇ ಇದ್ದಾರೆ. ಅದೂ ಕ್ಯಾನ್ಸರ್, ಬೆನ್ನುನೋವು, ಮೂರು ವರ್ಷದ ನಿವೃತ್ತಿ ಎಲ್ಲ ದಾಟಿ ವಾಪಸ್ ಬಂದು ಆಡಿದವರು.

ದ್ವೀಪವಾಸಿ: ಲೆಮ್ಯೂ ಹೆಸರು ತಂದದ್ದು ಒಳ್ಳೆಯದಾಯ್ತು. ಅವರನ್ನು ಬಾಸಿ ಪಕ್ಕದಲ್ಲೇ ಕೂರಿಸುತ್ತೇನೆ. 1988ರ ಡಿಸೆಂಬರ್ 31ರಂದು ಒಂದೇ ಪಂದ್ಯದಲ್ಲಿ ಐದು ಬಗೆಯಲ್ಲಿ ಐದು ಗೋಲು ಹೊಡೆದರು: ಎರಡೂ ತಂಡ ಸಮ ಇದ್ದಾಗ, ಎದುರಾಳಿ ಕಡಿಮೆ ಇದ್ದಾಗ, ತಮ್ಮವರು ಕಡಿಮೆ ಇದ್ದಾಗ, ಪೆನಾಲ್ಟಿ ಶಾಟ್‌ನಲ್ಲಿ, ಖಾಲಿ ನೆಟ್‌ಗೆ. ಆದರೂ ನನ್ನ ಮಾತು ಬದಲಾಗಲ್ಲ. ಎಷ್ಟು ವರ್ಷ ಆಡಿದರು ಅನ್ನುವುದು ದೇಹದ ಅದೃಷ್ಟ. ಗೋಲು ಹೊಡೆಯುವ ಕಲೆ ಬೇರೆ.

ಹಳೇಕಾಲ: ಯಾರೂ ಮೊರೀಸ್ ರಿಷಾರ್ ಹೆಸರು ಎತ್ತಲಿಲ್ಲವಲ್ಲ! 1944-45ರಲ್ಲಿ ಸೀಸನ್ ಅಂದರೆ 50 ಪಂದ್ಯ ಅಷ್ಟೇ. ಮಾಂಟ್ರಿಯಲ್‌ನ ಈ ಮನುಷ್ಯ ಅಷ್ಟರಲ್ಲೇ 50 ಗೋಲು ಹೊಡೆದರು. ಒಂದು ಸೀಸನ್‌ನಲ್ಲಿ 50 ಮುಟ್ಟಿದ ಎರಡನೆಯ ಆಟಗಾರ ಬರಲು 1961 ಆಗಬೇಕಾಯಿತು. 50 ಪಂದ್ಯದೊಳಗೆ 50 ಹೊಡೆದ ಎರಡನೆಯವರು ನಿಮ್ಮ ಬಾಸಿ, 1981ರಲ್ಲಿ. ಅಂದರೆ 36 ವರ್ಷ! ಈಗ ಪ್ರತಿ ವರ್ಷ ಜಾಸ್ತಿ ಗೋಲು ಹೊಡೆದವರಿಗೆ ಕೊಡುವ ಟ್ರೋಫಿಗೆ ಅವರದೇ ಹೆಸರು. ಒವೆಚ್ಕಿನ್ ಒಂಬತ್ತು ಸಲ ಗೆದ್ದದ್ದು ಅದನ್ನೇ.

ತೊಂಬತ್ತೊಂಬತ್ತು: ಅದು ಯುದ್ಧದ ಕಾಲ ಸರ್. ಎಷ್ಟೋ ಆಟಗಾರರು ಸೇನೆಗೆ ಹೋಗಿದ್ದರು. ಅವರೆಲ್ಲ ವಾಪಸ್ ಬಂದ ಮುಂದಿನ ವರ್ಷ ರಿಷಾರ್ ಹೊಡೆದದ್ದು 27.

ಹಳೇಕಾಲ: ಅದರ ಮುಂದಿನ ವರ್ಷ 60 ಪಂದ್ಯಕ್ಕೆ 45 ಹೊಡೆದರಲ್ಲ, ಆಗ ಯಾವ ಯುದ್ಧ ಇತ್ತು? ಇದ್ದದ್ದೇ ಆರು ತಂಡ. ಸೀಸನ್ ಪೂರ್ತಿ ಅದೇ ಐದು ಎದುರಾಳಿಗಳು. ಅವರ ಗೋಲ್‌ಕೀಪರ್‌ಗಳಿಗೆ ನಿಮ್ಮ ಒಂದೊಂದು ಚಲನೆಯೂ ಗೊತ್ತಿರುತ್ತೆ. ಅಂಥ ಕಡೆ ಗೋಲು ಹೊಡೆಯುವುದು ಸುಮ್ನೆ ಮಾತಲ್ಲ.

ಹೊಸಬಳು: ಒವೆಚ್ಕಿನ್ ಐಸ್ ಮೇಲೆ ಗೆರೆ ಎಳೆದ ಎಡಗಡೆ ವೃತ್ತದಲ್ಲಿ ಒಂದೇ ಜಾಗದಲ್ಲಿ ನಿಂತು ಹೊಡೆಯುತ್ತಾರೆ ಅಂತಾರಲ್ಲ. ಎಲ್ಲರಿಗೂ ಗೊತ್ತಿದ್ದರೂ ಯಾಕೆ ತಡೆಯಲು ಆಗಲ್ಲ?

ನೀಲಿಗೆರೆ: ಪವರ್‌ಪ್ಲೇ ಸಮಯದಲ್ಲಿ, ಅಂದರೆ ಎದುರಾಳಿಗಳಲ್ಲಿ ಒಬ್ಬ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಾಗ, ಉಳಿದ ನಾಲ್ವರು ಐವರನ್ನು ಕಾಯಬೇಕು. ಒವೆಚ್ಕಿನ್ ಮೇಲೆ ಒಬ್ಬನನ್ನು ಕಾವಲು ಹಾಕಿದರೆ ನೆಟ್ ಮುಂದೆ ಮೂವರಿಗೆ ನಾಲ್ವರು. ಹಾಕದಿದ್ದರೆ ಬಲಗಡೆಯಿಂದ ಪಾಸ್ ಬರುತ್ತೆ, ಅವರು ಪಕ್ಕನ್ನು ನಿಲ್ಲಿಸದೆ ನೇರ ಬಾರಿಸುತ್ತಾರೆ. ಗೋಲ್‌ಕೀಪರ್ ಆ ಕಡೆಗೆ ಸರಿಯುವಷ್ಟರಲ್ಲಿ ಪಕ್ ಒಳಗೆ. 895ನೆಯದೂ ಅದೇ ಜಾಗದಿಂದ, ಪವರ್‌ಪ್ಲೇಯಲ್ಲೇ ಬಂತು. ಇಪ್ಪತ್ತು ವರ್ಷ ಎಲ್ಲರಿಗೂ ಗೊತ್ತಿದ್ದ ಹೊಡೆತ ಅದು. ನನಗೆ ಅದರಲ್ಲೇ ದೊಡ್ಡತನ ಕಾಣುತ್ತೆ.

ತೊಂಬತ್ತೊಂಬತ್ತು: ಈ ಕಾಲದಲ್ಲಿ ಗೋಲು ಕಷ್ಟ ಅಂತೀರಿ. ಆಸ್ಟನ್ ಮ್ಯಾಥ್ಯೂಸ್ 2023-24ರಲ್ಲಿ 69 ಹೊಡೆದರಲ್ಲ? ಒವೆಚ್ಕಿನ್ ಎಂದೂ ಅಷ್ಟು ಮುಟ್ಟಲಿಲ್ಲ.

ನೀಲಿಗೆರೆ: ಮ್ಯಾಥ್ಯೂಸ್ ಮುಂದಿನ ಸೀಸನ್‌ನಲ್ಲಿ 33ಕ್ಕೆ ನಿಂತರು. ಅದೇ ಸೀಸನ್‌ನಲ್ಲಿ ಒವೆಚ್ಕಿನ್‌ಗೆ 39 ವರ್ಷ. ಕಾಲಿನ ಮೂಳೆ ಮುರಿದು 16 ಪಂದ್ಯ ಹೊರಗಿದ್ದರು. ಆದರೂ 65 ಪಂದ್ಯಕ್ಕೆ 44 ಗೋಲು. ಅಷ್ಟು ಕಾಲ ಅದೇ ಹಸಿವು ಉಳಿಸಿಕೊಳ್ಳುವುದು ಬರೀ ದೇಹದ ಅದೃಷ್ಟ ಅಂತ ನಾನು ಒಪ್ಪಲ್ಲ.

ಹಳೇಕಾಲ: ಗಾರ್ಡಿ ಹೋವ್ ಕೂಡ 44 ಹೊಡೆದಿದ್ದರು, 1968-69ರಲ್ಲಿ, 40ನೇ ವಯಸ್ಸಿನಲ್ಲಿ. ಒಂದು ಸೀಸನ್‌ನಲ್ಲಿ ಎಂದೂ 50 ಮುಟ್ಟದವರು ಒಟ್ಟು 801ಕ್ಕೆ ಹೋದರು. ನನ್ನ ಪ್ರಕಾರ ಒವೆಚ್ಕಿನ್‌ರನ್ನು ಅಳೆಯಬೇಕಾದದ್ದು ಗ್ರೆಟ್ಸ್ಕಿ ಪಕ್ಕ ಅಲ್ಲ, ಹೋವ್ ಪಕ್ಕ.

ತೊಂಬತ್ತೊಂಬತ್ತು: ಹೋವ್ 44 ಹೊಡೆದಾಗ ಲೀಗ್‌ನಲ್ಲಿ 12 ತಂಡ ಇದ್ದವು, ಎರಡು ವರ್ಷ ಹಿಂದೆ ಇದ್ದದ್ದು ಆರು. ಅರ್ಧ ತಂಡಗಳು ಹೊಸವು. ಕಾಲದ ಲೆಕ್ಕ ಹಾಕುವುದಾದರೆ ಅದನ್ನೂ ಹಾಕಿ.