ಮನೋವೈದ್ಯರ ಸಂಘ ಯಾವುದಕ್ಕೆ ಬರುತ್ತೆ, ಯಾವುದಕ್ಕೆ ಬರಲ್ಲ? – ಪ್ರಶ್ನೋತ್ತರ

ಪ್ರಶ್ನೆ: ಮನೋವೈದ್ಯರೊಬ್ಬರ ಚಿಕಿತ್ಸೆ ಬಗ್ಗೆ ದೂರು ಇದೆ. ಅವರ ಸಂಘಕ್ಕೆ ಬರೆದರೆ ಸಾಕಾ ಮೇಡಂ? ಲೈಸೆನ್ಸ್ ರದ್ದು ಮಾಡೋ ಅಧಿಕಾರ ಸಂಘಕ್ಕೆ ಇರುತ್ತಾ?

ಉತ್ತರ (ಮನೋವೈದ್ಯೆ): ಇರುವುದಿಲ್ಲ. ಲೈಸೆನ್ಸ್ ಕೊಡುವುದು, ಕಿತ್ತುಕೊಳ್ಳುವುದು ಕಾನೂನಿನಡಿ ರಚನೆಯಾದ ವೈದ್ಯಕೀಯ ಮಂಡಳಿಯ ಕೆಲಸ. ಬ್ರಿಟನ್ನಿನಲ್ಲಿ ಅದು ಜನರಲ್ ಮೆಡಿಕಲ್ ಕೌನ್ಸಿಲ್, ಅಮೆರಿಕದಲ್ಲಿ ಆಯಾ ರಾಜ್ಯದ ಮೆಡಿಕಲ್ ಬೋರ್ಡ್. ಸಂಘ ಅಂದರೆ ಆ ವೃತ್ತಿಯವರೇ ಸೇರಿ ಕಟ್ಟಿಕೊಂಡದ್ದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್, 1844ರಲ್ಲಿ ಹುಟ್ಟಿದ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ (ಎಪಿಎ) ಈ ಜಾತಿಯವು. ಇಂಥ ಸಂಘದ ಕೈಯಲ್ಲಿರುವ ಕಟ್ಟಕಡೆಯ ಅಸ್ತ್ರವೆಂದರೆ ಸದಸ್ಯತ್ವದಿಂದ ತೆಗೆದುಹಾಕುವುದು. ನಿಮ್ಮ ವೈದ್ಯರು ಸದಸ್ಯರೇ ಅಲ್ಲದಿದ್ದರೆ ಅದೂ ಇಲ್ಲ.

ಹಾಗಾಗಿ ಮೊದಲು ದೂರು ಯಾವ ಬಗೆಯದು ಅಂತ ನೋಡಿಕೊಳ್ಳಿ. ಕಾಯಿಸಿದರು, ಬಿಲ್ಲಿನಲ್ಲಿ ಗೊಂದಲ, ಫೈಲ್ ಕೊಡುತ್ತಿಲ್ಲ ಅನ್ನುವಂಥದ್ದು ಆಸ್ಪತ್ರೆಯ ದೂರು ವಿಭಾಗಕ್ಕೆ. ಚಿಕಿತ್ಸೆಯಲ್ಲಿ ಗಂಭೀರ ಲೋಪ, ಲೈಂಗಿಕ ದುರ್ವರ್ತನೆ, ಕುಡಿದು ರೋಗಿಯನ್ನು ನೋಡಿದ್ದು, ಇವು ನೇರ ಮಂಡಳಿಗೆ. ವೃತ್ತಿನೀತಿಯ ಉಲ್ಲಂಘನೆಯಾಗಿದ್ದು, ವೈದ್ಯರು ಸದಸ್ಯರೂ ಆಗಿದ್ದರೆ ಮಾತ್ರ ಸಂಘದ ನೀತಿ ಸಮಿತಿಗೆ. ಎರಡು ಕಡೆ ಕೊಡಲಿಕ್ಕೂ ಅಡ್ಡಿಯಿಲ್ಲ.

ಬರೆಯುವಾಗ ಯಾವ ದಿನ ಏನಾಯಿತು ಅನ್ನುವುದನ್ನು ದಿನಾಂಕದ ಸಾಲಿನಲ್ಲಿ ಬರೆಯಿರಿ. ಔಷಧಿ ಚೀಟಿ, ಡಿಸ್ಚಾರ್ಜ್ ಸಮರಿಗಳ ನಕಲು ಇಡಿ, ಸಹಿ ಹಾಕಿ. ಬಹಳ ದೂರುಗಳು ಸಿಕ್ಕಿಬೀಳುವುದು ಇನ್ನೊಂದು ಕಡೆ. ರೋಗಿಯ ಮಾತನ್ನು ಗುಟ್ಟಾಗಿಡುವ ಕಟ್ಟುಪಾಡು ವೈದ್ಯರ ಮೇಲಿದೆ. ಫೈಲ್ ತೋರಿಸಲು ರೋಗಿ ಬರಹದಲ್ಲಿ ಒಪ್ಪಿಗೆ ಕೊಡದಿದ್ದರೆ ಸಮಿತಿ ಮುಂದೆ ಹೋಗುವುದೇ ಕಷ್ಟ. ಅಣ್ಣನೋ ಗಂಡನೋ ರೋಗಿಗೆ ಹೇಳದೆ ಕಳಿಸಿದ ದೂರು ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಒಪ್ಪಿಗೆ ಪತ್ರ ಮೊದಲ ಲಕೋಟೆಯಲ್ಲೇ ಹೋಗಲಿ.

ಪ್ರಶ್ನೆ: ಹಾಗಾದರೆ ಸಂಘ ಇರೋದು ವೈದ್ಯರಿಗಾಗಿ ಮಾತ್ರ. ರೋಗಿಗೆ ಏನು ಲಾಭ?

ಉತ್ತರ (ಆಸ್ಪತ್ರೆಯ ಔಷಧ ತಜ್ಞ): ಲಾಭ ಕಣ್ಣಿಗೆ ಕಾಣುವ ಜಾಗದಲ್ಲಿಲ್ಲ, ಅಷ್ಟೇ. ಲಿಥಿಯಂ ಮಾತ್ರೆಯನ್ನೇ ತಗೊಳ್ಳಿ. ಇದು ಬೈಪೋಲಾರ್ ಕಾಯಿಲೆಗೆ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಹೊರಳುವ ಕಾಯಿಲೆ) ಒಳ್ಳೆಯ ಔಷಧಿ, ಆದರೆ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಅಂತರ ಕಡಿಮೆ. ಸಾಮಾನ್ಯವಾಗಿ ರಕ್ತದಲ್ಲಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿತೆಂದರೆ ಕೈನಡುಕ, ವಾಂತಿ, ತೊದಲು ಶುರುವಾಗಬಹುದು. ಅದಕ್ಕೇ ರಕ್ತದ ಮಟ್ಟ, ಕಿಡ್ನಿ, ಥೈರಾಯ್ಡ್ ಆಗಾಗ ನೋಡಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ತಪ್ಪಿಹೋಗುತ್ತದೆ.

ಬ್ರಿಟನ್ನಿನ ಕಾಲೇಜು 2005ರಿಂದ ಪೋಮ್ ಎಂಬ ಹೆಸರಿನಲ್ಲಿ ಔಷಧಿ ಬರೆಯುವ ರೂಢಿಯ ತಪಾಸಣೆ ನಡೆಸುತ್ತಿದೆ. ಪದ್ಧತಿ ಹೀಗಿದೆ: ಮೊದಲು ಅಳತೆಗೋಲನ್ನು ಬರೆದಿಡುತ್ತಾರೆ, ಉದಾಹರಣೆಗೆ ಲಿಥಿಯಂ ಶುರುಮಾಡುವ ಮುನ್ನ ಕಿಡ್ನಿ, ಥೈರಾಯ್ಡ್ ಪರೀಕ್ಷೆ ಆಗಿರಬೇಕು ಅಂತ. ಭಾಗವಹಿಸುವ ಆಸ್ಪತ್ರೆಗಳು ರೋಗಿಗಳ ಹೆಸರಿಲ್ಲದ ಮಾಹಿತಿ ಕಳಿಸುತ್ತವೆ. ಉಳಿದವರ ಪಕ್ಕದಲ್ಲಿ ತಾವೆಲ್ಲಿ ನಿಂತಿದ್ದೇವೆ ಅನ್ನುವುದು ಪ್ರತಿ ಆಸ್ಪತ್ರೆಗೂ ವರದಿಯಾಗಿ ಬರುತ್ತದೆ. ಸ್ವಲ್ಪ ಕಾಲ ಬಿಟ್ಟು ಮತ್ತೆ ಅದೇ ಅಳತೆ. ದಂಡ ಇಲ್ಲ, ಆದರೆ ಪಕ್ಕದವರಿಗಿಂತ ಹಿಂದಿದ್ದೇವೆ ಅಂತ ಕಂಡಾಗ ಸುಮ್ಮನಿರುವ ವಿಭಾಗ ಕಡಿಮೆ. ನನ್ನ ಮಟ್ಟಿಗೆ ಸಂಘಗಳು ಮಾಡುವ ಕೆಲಸಗಳಲ್ಲಿ ಅತಿ ಉಪಯುಕ್ತ ಇದೇ. ಸಮ್ಮೇಳನಗಳು ಆಮೇಲೆ.

ಲಿಥಿಯಂ ತಗೊಳ್ಳುವವರಿಗೆ ಇದರ ಜೊತೆಗೇ ಹೇಳಿಬಿಡುತ್ತೇನೆ: ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ನುಂಗಿಕೊಂಡು ಲ್ಯಾಬಿಗೆ ಹೋದರೆ ಮಟ್ಟ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಕಾಯಿಲೆ ಮರುಕಳಿಸಬಹುದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ವಾಂತಿಭೇದಿಯಿಂದ ನೀರಿನಂಶ ಇಳಿಯುವುದು, ಇವೆರಡೂ ಮಟ್ಟವನ್ನು ನಿಜವಾಗಿಯೇ ಏರಿಸುತ್ತವೆ. ಆಗ ವೈದ್ಯರಿಗೆ ತಕ್ಷಣ ಹೇಳಿ.

ಪ್ರಶ್ನೆ: ಹೆಸರಿನ ಮುಂದೆ ಅಷ್ಟೊಂದು ಅಕ್ಷರ ಇರುತ್ತಲ್ಲ, ಅದರಲ್ಲಿ ಯಾವುದಕ್ಕೆ ಬೆಲೆ?

ಉತ್ತರ (ಮನೋವೈದ್ಯೆ): ಪರೀಕ್ಷೆ ಬರೆದು ಬಂದದ್ದೋ, ಚಂದಾ ಕಟ್ಟಿ ಬಂದದ್ದೋ ಅಂತ ಕೇಳಿಕೊಳ್ಳಿ. ಬ್ರಿಟನ್ನಿನ ಎಂಆರ್‌ಸಿಸೈಕ್, ಅಂದರೆ ರಾಯಲ್ ಕಾಲೇಜಿನ ಸದಸ್ಯತ್ವ, ಪರೀಕ್ಷೆಯಿಂದ ಬರುವುದು. ಎರಡು ಲಿಖಿತ ಪತ್ರಿಕೆ, ಆಮೇಲೆ ನಟರು ರೋಗಿಗಳ ಪಾತ್ರದಲ್ಲಿ ಕೂರುವ ಕ್ಲಿನಿಕಲ್ ಪರೀಕ್ಷೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಎಪಿಎ ಸದಸ್ಯತ್ವ ಬೇರೆ, ತಜ್ಞತೆಯ ಪ್ರಮಾಣಪತ್ರ ಬೇರೆ. ಎರಡನೆಯದನ್ನು ಕೊಡುವುದು 1934ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ಸೈಕಿಯಾಟ್ರಿ ಅಂಡ್ ನ್ಯೂರಾಲಜಿ. ಫೆಲೋ ಅನ್ನುವುದು ಹೆಚ್ಚಾಗಿ ಗೌರವ. ಏನೇ ಇದ್ದರೂ ಮಂಡಳಿಯ ನೋಂದಣಿ ಸಂಖ್ಯೆ ಚಾಲ್ತಿಯಲ್ಲಿದೆಯಾ ಅಂತ ಮೊದಲು ನೋಡಿ.

ಪ್ರಶ್ನೆ: ಔಷಧ ಕಂಪನಿಗಳ ದುಡ್ಡು ಇರೋ ಕಡೆ ಸಂಘದ ಗೈಡ್‌ಲೈನ್ ನಂಬೋದು ಹೇಗೆ?

ಉತ್ತರ (ಔಷಧ ತಜ್ಞ): ಕೇಳಬೇಕಾದ ಪ್ರಶ್ನೆಯೇ. ರೋಗನಿರ್ಣಯದ ಕೈಪಿಡಿ ಡಿಎಸ್‌ಎಂ ಎಪಿಎಯದು. 2013ರ ಐದನೇ ಆವೃತ್ತಿಯ ಸಮಿತಿಗಳಲ್ಲಿದ್ದವರು ಉದ್ಯಮದಿಂದ ವರ್ಷಕ್ಕೆ 10,000 ಡಾಲರಿಗಿಂತ ಹೆಚ್ಚು ತಗೊಳ್ಳಬಾರದು ಅಂತ ನಿಯಮ ಹಾಕಿದ್ದರು. ಆದರೆ ಷರತ್ತಿಲ್ಲದ ಸಂಶೋಧನಾ ಅನುದಾನ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಟೀಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಗೈಡ್‌ಲೈನ್ ಓದುವಾಗ ಹಿತಾಸಕ್ತಿ ಘೋಷಣೆಯ ಪುಟ ಮೊದಲು ತೆರೆಯಿರಿ. ಆಮೇಲೆ ಪ್ರಕಟವಾದ ವರ್ಷ, ಪ್ರತಿ ಸಲಹೆಯ ಪಕ್ಕ ಪುರಾವೆಯ ದರ್ಜೆ ಬರೆದಿದ್ದಾರಾ ಅನ್ನುವುದು. ಈ ಮೂರೂ ಇಲ್ಲದಿದ್ದರೆ ಅದು ಅಭಿಪ್ರಾಯ ಅಂತ ಓದಿಕೊಳ್ಳಿ.

ನಿಲುವು ಬದಲಾಗುವುದೂ ಇದೆ. ಖಿನ್ನತೆಯ ಮಾತ್ರೆ ನಿಲ್ಲಿಸುವಾಗಿನ ತೊಂದರೆ ಕೆಲವರಲ್ಲಿ ತೀವ್ರವಾಗಿ, ದೀರ್ಘಕಾಲ ಇರಬಹುದು ಅಂತ ಬ್ರಿಟನ್ನಿನ ಕಾಲೇಜು 2019ರಲ್ಲಿ ಒಪ್ಪಿಕೊಂಡಿತು. ನಂತರ ರೋಗಿಗಳಿಗಾಗಿಯೇ ನಿಧಾನವಾಗಿ ಇಳಿಸುವ ಮಾದರಿ ಪಟ್ಟಿಗಳನ್ನೂ ಹೊರಡಿಸಿತು. ಕಡಿಮೆ ಡೋಸಿಗೆ ಬಂದಷ್ಟೂ ಇಳಿಸುವ ಹೆಜ್ಜೆ ಚಿಕ್ಕದಾಗಬೇಕು. ಯಾಕೆಂದರೆ ಕೊನೆಯ ಕೆಲವು ಮಿಲಿಗ್ರಾಂಗಳೇ ಮಿದುಳಿನ ಮೇಲೆ ಪ್ರಮಾಣ ಮೀರಿದ ಪರಿಣಾಮ ಮಾಡುತ್ತಿರುತ್ತವೆ. ಅರ್ಧ ಮಾತ್ರೆಯಿಂದ ಸೊನ್ನೆಗೆ ಒಂದೇ ಜಿಗಿತ ಹಾಕಿದಾಗ ಕಷ್ಟವಾಗುವುದು ಇದಕ್ಕೇ. ವೈದ್ಯರ ಜೊತೆ ಕೂತೇ ಇಳಿಸಿ.

ಪ್ರಶ್ನೆ: ಟಿವಿಯಲ್ಲಿ ರಾಜಕಾರಣಿಯ ಮಾನಸಿಕ ಸ್ಥಿತಿ ಬಗ್ಗೆ ಕೇಳಿದರೆ ಎಷ್ಟೋ ಮನೋವೈದ್ಯರು ಜಾರಿಕೊಳ್ತಾರಲ್ಲ, ಹೆದರಿಕೆನಾ?

ಉತ್ತರ (ಮನೋವೈದ್ಯೆ): ನಿಯಮ. 1964ರಲ್ಲಿ ಅಮೆರಿಕದ ಪತ್ರಿಕೆಯೊಂದು ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಮನೋವೈದ್ಯರ ಮತ ಕೇಳಿತು. ಅವರನ್ನು ಪರೀಕ್ಷಿಸದೆಯೇ 1,189 ಮಂದಿ ಹುದ್ದೆಗೆ ಯೋಗ್ಯರಲ್ಲ ಅಂದರು. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. 1973ರಲ್ಲಿ ಎಪಿಎ ತನ್ನ ನೀತಿಸಂಹಿತೆಯಲ್ಲಿ ಬರೆಯಿತು: ತಾನು ಪರೀಕ್ಷಿಸಿ, ಸರಿಯಾದ ಒಪ್ಪಿಗೆ ಪಡೆದಿರದ ವ್ಯಕ್ತಿಯ ಬಗ್ಗೆ ಸಾರ್ವಜನಿಕವಾಗಿ ವೃತ್ತಿಪರ ಅಭಿಪ್ರಾಯ ಕೊಡಬಾರದು. ಬೈಪೋಲಾರ್ ಅಂದರೇನು ಅಂತ ಟಿವಿಯಲ್ಲಿ ವಿವರಿಸಬಹುದು, ಇಂಥವರಿಗೆ ಅದಿದೆ ಅನ್ನಬಾರದು.

ಪ್ರಶ್ನೆ: ಎಪಿಎ ಸದಸ್ಯರಲ್ಲದವರು ಹೇಳಬಹುದಾ?

ಉತ್ತರ (ಮನೋವೈದ್ಯೆ): ಆ ನಿಯಮ ಕಟ್ಟಿಹಾಕುವುದು ಅದರ ಸದಸ್ಯರನ್ನು ಮಾತ್ರ. ಸದಸ್ಯತ್ವ ಬಿಟ್ಟು ಮಾತಾಡಿದರೆ ಎಪಿಎ ಏನೂ ಮಾಡಲಾರದು. ಮಾನನಷ್ಟ ಮೊಕದ್ದಮೆಯ ದಾರಿ ಆಗಲೂ ತೆರೆದೇ ಇರುತ್ತದೆ.