ಸಹಾಯ ಬೇಕು: ಬಾಗಿದ ಎಲ್‌ಪಿ ರೆಕಾರ್ಡ್ ಸರಿ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಜಪಾನಿನ ಸೈಕೆಡೆಲಿಕ್ ರಾಕ್ ತಂಡ ಕಿಕಗಾಕು ಮೊಯೊ ಅಂದ್ರೆ ನನಗೆ ಜೀವ. 2012ರಲ್ಲಿ ಟೋಕಿಯೊದಲ್ಲಿ ಶುರುವಾದ ತಂಡ. 2022ರ ಮೇ ತಿಂಗಳಲ್ಲಿ ‘ಕುಮೊಯೊ ಐಲ್ಯಾಂಡ್’ ಆಲ್ಬಮ್ ತಂದರು, ಅದೇ ವರ್ಷ ಒಟ್ಟಿಗೆ ನುಡಿಸುವುದನ್ನು ನಿಲ್ಲಿಸಿದರು. ಅವರಲ್ಲಿ ರ್‍ಯು ಕುರೊಸಾವಾ ಭಾರತಕ್ಕೆ ಬಂದು ಸಿತಾರ್ ಕಲಿತವರು. ಗಿಟಾರ್ ಮಧ್ಯೆ ಆ ಸಿತಾರ್ ಬಂದಾಗ ಮೈ ಜುಮ್ ಅನ್ನುತ್ತೆ.

ಎರಡು ವರ್ಷ ದುಡ್ಡು ಕೂಡಿಟ್ಟು ‘ಕುಮೊಯೊ ಐಲ್ಯಾಂಡ್’ ಎಲ್‌ಪಿ ತರಿಸಿದೆ. ಬಂದಾಗಲೇ ಅಂಚು ಬಾಗಿತ್ತು. ಬಹುಶಃ ದಾರಿಯಲ್ಲಿ ಬಿಸಿಲಿಗೆ ಸಿಕ್ಕಿರಬೇಕು. ಮೊದಲ ಹಾಡು ‘ಮೊನಾಕಾ’ ಶುರುವಾದರೆ ಸೂಜಿ ದೋಣಿಯ ಹಾಗೆ ಏರಿ ಇಳಿಯುತ್ತೆ, ಒಂದು ಕಡೆ ಟಕ್ ಅಂತ ಹಾರಿಬಿಡುತ್ತೆ. ಒಳಗಿನ ಹಾಡುಗಳಿಗೆ ಏನೂ ತೊಂದರೆ ಇಲ್ಲ. ಮಾರಿದವರು ವಾಪಸ್ ತಗೊಳ್ಳಲ್ಲ ಅಂದರು.

ಎರಡು ಗಾಜಿನ ಮಧ್ಯೆ ಇಟ್ಟು ಮೇಲೆ ಭಾರ ಹೇರಿದರೆ ಸರಿ ಹೋಗುತ್ತಾ? ಎಷ್ಟು ದಿನ ಇಡಬೇಕು? ಓವನ್‌ನಲ್ಲಿ ಬಿಸಿ ಮಾಡು ಅಂತಾರೆ ಕೆಲವರು, ನನಗೆ ಭಯ. ಹಾಡು ಕೆತ್ತಿರುವ ಗೆರೆಗಳೇ ಕರಗಿಬಿಟ್ಟರೆ? ರೆಕಾರ್ಡ್ ಚಪ್ಪಟೆ ಮಾಡುವ ಯಂತ್ರ ಮೈಸೂರು, ಬೆಂಗಳೂರು ಕಡೆ ಯಾರ ಹತ್ತಿರವಾದರೂ ಇದೆಯಾ? ಖರ್ಚು ಕೊಡುತ್ತೇನೆ, ನಾನೇ ತಗೊಂಡು ಬರುತ್ತೇನೆ. ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.